ಮಾವನ ಕಾರಿಗೆ ಕೂರಿಸಿದ ಹಾಡು

ತಿಮ್ಮೇಶನ ತೊಂದರೆಗೆಲ್ಲ ಮೂಲ ಅವನ ಮಾವ ಮುದ್ದಪ್ಪನವರ ಮೌನ.

ಸುಮ್ಮನಿರುವವರಲ್ಲೂ ಬಗೆಗಳಿವೆ. ಕೆಲವರು ಕೇಳಿಸಿಕೊಳ್ಳುವುದಕ್ಕಾಗಿ ಸುಮ್ಮನಿರುತ್ತಾರೆ, ಕೆಲವರು ಹೇಳಲು ಏನೂ ತೋಚದೆ. ಮುದ್ದಪ್ಪನವರು ಮಾತ್ರ ತೀರ್ಪು ಬರೆದು ಜೇಬಿನಲ್ಲಿಟ್ಟುಕೊಂಡ ಜಡ್ಜಿನಂತೆ ಸುಮ್ಮನಿರುತ್ತಿದ್ದರು. ಹೋದ ಬುಧವಾರ ತಮ್ಮ ಹಳೆಯ ಬಿಳಿ ಕಾರಿನಲ್ಲಿ ಅಳಿಯನನ್ನು ಕೂರಿಸಿಕೊಂಡು ಯಗಟಿಯಿಂದ ಅಜ್ಜಂಪುರಕ್ಕೆ ಬಂದಿದ್ದರು. ಕಡೂರು ದಾಟಿ, ಬೀರೂರು ದಾಟಿ, ಒಂದು ಗಂಟೆಗೂ ಮೀರಿದ ಆ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. "ಹಂಪು" ಅಂದಿದ್ದರು. ಅದೂ ಹಂಪ್ ದಾಟಿದ ಮೇಲೆ.

ಅಜ್ಜಂಪುರದಲ್ಲಿ ಇಳಿದು ಕೀ ಕೊಡುವಾಗ ಇನ್ನಷ್ಟು ಮಾತು ಖರ್ಚು ಮಾಡಿದರು. "ಭಾನುವಾರ ನಾಕು ಗಂಟೆ ಬಸ್ಸಿಗೆ ಬತ್ತೀನಿ. ಕಾರಿನ ವಿಚಾರ ಮಾತಾಡಾನ. ನಿಮ್ಮ ಬೀದಿ ಇಳಿಜಾರು, ರಿವರ್ಸ್ ಗೇರ್ ಹಾಕಿ ನಿಲ್ಸು. ಕೊಟ್ಟಂಗೇ ಇರ್ಲಿ."

"ಅಪ್ಪ ನಿಮಗೇ ಕೊಡ್ತಾರೆ ಕಣ್ರೀ" ಎಂದಳು ಹೆಂಡತಿ ಗಾನವಿ, ಬಸ್ಸು ಹೋದ ಮೇಲೆ. "ವಯಸ್ಸಾಯ್ತು ನೋಡಿ, ಓಡ್ಸೋಕೆ ಆಗ್ತಿಲ್ಲ. ಭಾನುವಾರ ಒಂದಿನ ಅವರ ಮನಸ್ಸಿಗೆ ಹಿಡಿಸೋ ಹಾಗೆ ಇದ್ಬಿಡಿ."

ತಿಮ್ಮೇಶನಿಗೆ ಕಾರು ಬೇಕೇ ಬೇಕಿತ್ತು. ಅವನದು ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಐದು ಎಚ್‌ಪಿ ಮೋಟಾರನ್ನು ಸ್ಕೂಟರಿನಲ್ಲಿ ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಊರೂರು ತಿರುಗುತ್ತಿದ್ದ. ಅಂತರಘಟ್ಟೆ ರಸ್ತೆಯಲ್ಲಿ ಒಂದು ಮೋಟಾರು ಜಾರಿ, ಉರುಳುತ್ತ ಹೋಗಿ, ಯಾರದೋ ಈರುಳ್ಳಿ ಹೊಲದಲ್ಲಿ ಮಲಗಿಬಿಟ್ಟಿತ್ತು. ಕಾರು ಬಂದರೆ ಮೋಟಾರು ಹಿಂದಿನ ಸೀಟಿನಲ್ಲಿ ಯಜಮಾನನ ಹಾಗೆ ಕೂತು ಬರುತ್ತದೆ.

ಆದರೆ ಭಾನುವಾರ ಸಂಜೆ ಮಾವನನ್ನು ಯಗಟಿಗೆ ಬಿಟ್ಟುಬರಬೇಕು. ಮತ್ತೆ ಅದೇ ದಾರಿ, ಅದೇ ಮೌನ.

"ಒಂದು ಟೇಪ್ ಹಾಕ್ಸಿ" ಎಂದು ಗಾನವಿಯೇ ದಾರಿ ತೋರಿಸಿದಳು. "ಅಪ್ಪಂಗೆ ಭಜನೆ ಪದ ಅಂದ್ರೆ ಪ್ರಾಣ. ಆದ್ರೆ ನೀವು ಕೈ ಹಾಕ್ಬೇಡಿ. ತರೀಕೆರೆ ತಿಪ್ಪೇಶ್ ಹತ್ರಾನೇ ಕೂರಿಸ್ಕೊಂಡು ಬನ್ನಿ."

ತರಿಸಿದ ಟೇಪ್ ಸೆಟ್ಟು ಶನಿವಾರ ಕೊರಿಯರಿನಲ್ಲಿ ಬಂತು. ಭಾನುವಾರ ಬೆಳಿಗ್ಗೆ ತಿಮ್ಮೇಶ್ ತರೀಕೆರೆಯ ಕಾರ್ ಸ್ಟೀರಿಯೋ ಅಂಗಡಿಯ ತಿಪ್ಪೇಶನಿಗೆ ಫೋನ್ ಮಾಡಿದ.

"ಇವತ್ತಾಗಲ್ಲ ಸಾರ್, ನಾಲ್ಕು ಗಾಡಿ ನಿಂತವೆ. ನಾಳೆ ತನ್ನಿ, ಅರ್ಧ ಗಂಟೆ ಕೆಲಸ" ಎಂದ ತಿಪ್ಪೇಶ್. "ಅಲ್ಲೀವರೆಗೂ ನೀವು ಮಾತ್ರ ಏನೂ ಬಿಚ್ಬೇಡಿ. ಬೇರೆಯವರು ಬಿಚ್ಚಿದ ಗಾಡಿ ನಾ ಮುಟ್ಟಲ್ಲ."

ಈ ಮಾತು ತಿಮ್ಮೇಶನನ್ನು ಕೆಣಕಿತು. ಅವನ ಅಂಗಡಿಯಲ್ಲೂ ಇದೇ ಮಾತು ಕೆಂಪು ಬಣ್ಣದಲ್ಲಿ ಬರೆದಿತ್ತು: 'ಬೇರೆಯವರು ಬಿಚ್ಚಿದ ಮೋಟಾರು ಮುಟ್ಟುವುದಿಲ್ಲ.' ಆದರೆ ಅದು ರೈತರಿಗೆ ಹೇಳಿದ ಮಾತು. ನಾಲ್ಕುನೂರು ವೋಲ್ಟಿನ ಜೊತೆ ದಿನವಿಡೀ ಒಡನಾಡುವವನು ಹನ್ನೆರಡು ವೋಲ್ಟಿಗೆ ಹೆದರುವುದೆಂದರೇನು? ಸೆಟ್ಟಿನ ಜೊತೆ ಬಂದಿದ್ದ ಪುಸ್ತಕ ತೆರೆದ. ಎಲ್ಲ ಚೀನೀ ಭಾಷೆ. ಕೊನೆಯಲ್ಲಿ ಇಂಗ್ಲಿಷಿನ ಒಂದು ಸಾಲು: ನುರಿತವರಿಂದಲೇ ಕೂರಿಸಿಕೊಳ್ಳಿ. ಓದಿದ ತಿಮ್ಮೇಶ್, ಅದು ತನ್ನನ್ನೇ ಕುರಿತದ್ದು ಎಂದುಕೊಂಡ.

ಡ್ಯಾಶ್‌ಬೋರ್ಡು ಬಿಚ್ಚುವಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿತು. ಎದುರು ಮನೆಯ ಅಜ್ಜಯ್ಯ ಕುರ್ಚಿ ಎತ್ತಿಕೊಂಡೇ ಬಂದರು. ಲೈನ್‌ಮನ್ ಆಗಿ ರಿಟೈರಾದವರು; ಇನ್ನೂ ಯಾರ ಮನೆಯ ಬಲ್ಬು ಮಿನುಗಿದರೂ ತಮಗೆ ಹೇಳದೆ ಮಿನುಗಿತೆಂದು ಮುನಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಕರಿಬಸಮ್ಮ ಸೊಪ್ಪು ಸೋಸುವ ಮೊರದ ಸಮೇತ ಬಂದು ಕಟ್ಟೆಯ ಮೇಲೆ ಕೂತರು.

"ಮೊದ್ಲು ಅರ್ಥ್ ಮಾಡೋ" ಎಂದರು ಅಜ್ಜಯ್ಯ. "ಗುಂಡಿ ತೋಡು, ಪೈಪ್ ಇಳಿಸು, ಉಪ್ಪು ಇದ್ಲು ಹಾಕು."

"ಓಡಾಡೋ ಗಾಡಿಗೆ ಗುಂಡಿ ಎಲ್ಲಿ ತೋಡ್ಲಿ ಅಜ್ಜಯ್ನೋರೇ?"

"ಹಂಗಾದ್ರೆ ಆಮೇಲೆ ನನ್ನ ಕೇಳ್ಬ್ಯಾಡ."

"ಸ್ಕ್ರೂ ಇಲ್ಲಿ ಕೊಡಪ್ಪ, ಸೆರಗಲ್ಲಿ ಕಟ್ಕಂತೀನಿ" ಎಂದರು ಕರಿಬಸಮ್ಮ. ಕೊಟ್ಟ. ಒಂಬತ್ತು ಕೊಟ್ಟಿದ್ದ, ವಾಪಸ್ಸು ಹನ್ನೊಂದು ಬಂದವು.

ಸೆಟ್ಟಿಗೆ ಕರೆಂಟು ಎಲ್ಲಿಂದ ಕೊಡುವುದೆಂಬುದೇ ದೊಡ್ಡ ಪ್ರಶ್ನೆಯಾಯಿತು. ಮುಂದಿನ ವೈರುಗಳು ತೊಳೆಯದ ಜಡೆಯ ಹಾಗೆ ಗಂಟುಗಂಟಾಗಿದ್ದವು. ಹಿಂದಿನ ಡಿಕ್ಕಿಯಲ್ಲಿ, ಲೈಟಿನ ಪಕ್ಕ, ನಾಲ್ಕೇ ವೈರು ಶಿಸ್ತಾಗಿ ನಿಂತಿದ್ದವು. ತಿಮ್ಮೇಶ್ ಅವಕ್ಕೆ ಟೆಸ್ಟ್ ಬಲ್ಬು ಹಿಡಿದ. ಒಂದು ವೈರು ಕೀ ತಿರುಗಿಸಿದರೆ ಉರಿಯಿತು, ಕೀ ತೆಗೆದರೆ ಆರಿತು.

"ಸಿಕ್ತು ನೋಡಿ! ಇದಕ್ಕೇ ಅರ್ಧ ಗಂಟೆ ಅಂತಾನೆ ಆ ಮಹಾರಾಯ."

ಅಲ್ಲಿಂದ ಮುಂದಕ್ಕೆ ವೈರು ಎಳೆದು ಜೋಡಿಸಿದ. ಭಜನೆ ಪದ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿದ. ಆಮೇಲೆ, ಕೈಯಲ್ಲಿ ಕೂತ ಹದಿನೈದು ವರ್ಷದ ಅಭ್ಯಾಸದಂತೆ, ಎಲ್ಲದರ ಮೇಲೂ ವಾರ್ನಿಷ್ ಹೊಯ್ದ. ಸುತ್ತಿದ ತಂತಿಗೆ ವಾರ್ನಿಷ್ ಕುಡಿಸಿ ಬಿಸಿಲಿಗೆ ಒಣಗಿಸದಿದ್ದರೆ ಮೋಟಾರಿನವರಿಗೆ ಕೆಲಸ ಮುಗಿಯಿತೆಂದು ಅನ್ನಿಸುವುದೇ ಇಲ್ಲ. ಸೆಟ್ಟನ್ನು ಒಳಗೆ ತಳ್ಳಿ, ಸುತ್ತ ಸಂದಿಗೂ ಒಂದು ಕೋಟಿಂಗ್ ಕೊಟ್ಟು, ಕಾರಿನ ಬಾಗಿಲನ್ನೂ ಡಿಕ್ಕಿಯನ್ನೂ ತೆರೆದು ಬಿಸಿಲಿಗೆ ಬಿಟ್ಟು ಉಪ್ಪಿಟ್ಟು ತಿಂದು ಬಂದ.

ಬಂದು ಕೀ ತಿರುಗಿಸಿದ. ತಾಳ, ದಮ್ಮಡಿ, ಆಮೇಲೆ ಪಕ್ಕದೂರಿನ ಭಜನಾ ಮಂಡಳಿಯ ಒಕ್ಕೊರಲು: "ಎದ್ದೇಳೋ ಗುರುವೇ, ಹೊತ್ತಾಯ್ತು!" ಬೀದಿಯ ಮೂರು ನಾಯಿಗಳು ಎದ್ದವು. ಕರಿಬಸಮ್ಮ ಮೊರ ಬಿಟ್ಟು ಕೈಮುಗಿದರು.

"ಬನ್ನಿ, ಒಂದು ರೌಂಡು ಹೋಗಿ ಬರಾನ" ಎಂದು ತಿಮ್ಮೇಶ್ ಇಬ್ಬರನ್ನೂ ಹತ್ತಿಸಿಕೊಂಡ. ಫಸ್ಟ್ ಗೇರ್ ಹಾಕಿದ. ಹಾಡು ಸತ್ತಿತು.

ಕೆಳಗಿನ ತಿರುವಿನಲ್ಲಿ ನಿಲ್ಲಿಸಿ, ಮಾವ ಹೇಳಿದಂತೆ ರಿವರ್ಸ್ ಗೇರಿಗೆ ಹಾಕಿದ. "ಎದ್ದೇಳೋ ಗುರುವೇ, ಹೊತ್ತಾಯ್ತು!" ಹೊರಟರೆ ಸತ್ತಿತು. ಮತ್ತೆ ನಿಲ್ಲಿಸಿದರೆ ಮೊದಲಿನಿಂದ "ಎದ್ದೇಳೋ ಗುರುವೇ!"

"ನಿಂತ್ರೆ ಹಾಡ್ತದೆ, ಹೋದ್ರೆ ಸುಮ್ನಾಗ್ತದೆ" ಎಂದರು ಕರಿಬಸಮ್ಮ. "ಗಾಡಿಗೆ ನಾಚ್ಕೆ ಏನೋ."

"ನಾ ಹೇಳ್ಲಿಲ್ವಾ, ಅರ್ಥ್ ಇಲ್ಲ ಅಂತ?" ಎಂದರು ಅಜ್ಜಯ್ಯ, ತುಂಬ ತೃಪ್ತಿಯಿಂದ.

ಪೇಟೆ ಬೀದಿಗೆ ಬಂದಾಗ ಎದುರಿಗೆ ತೆಂಗಿನಕಾಯಿ ಲಾರಿ ಅಡ್ಡ ನಿಂತಿತ್ತು. ತಿಮ್ಮೇಶ್ ಬೀದಿಯುದ್ದಕ್ಕೂ ಹಿಂದಕ್ಕೇ ಬರಬೇಕಾಯಿತು. ಆಗ ಹಾಡು ನಿಲ್ಲಲೇ ಇಲ್ಲ. ಅಲ್ಲಿಯವರೆಗೆ ಗೊತ್ತಾಗದಿದ್ದದ್ದು ಅವನಿಗೆ ಆ ಕ್ಷಣ ಗೊತ್ತಾಯಿತು: ಟೆಸ್ಟ್ ಬಲ್ಬು ಹಿಡಿದಾಗ ಕಾರು ರಿವರ್ಸ್ ಗೇರಿನಲ್ಲೇ ನಿಂತಿತ್ತು; ತಾನು ಕರೆಂಟು ಕದ್ದದ್ದು ರಿವರ್ಸ್ ಲೈಟಿನಿಂದ.

ಹಾಡು ಕಮ್ಮಿ ಮಾಡಲು ಬಟನ್ ಒತ್ತಿದ. ವಾರ್ನಿಷ್ ಕುಡಿದ ಬಟನ್ನು ಕಲ್ಲಾಗಿತ್ತು. ಪೆನ್‌ಡ್ರೈವ್ ಎಳೆದ. ಬಂಡೆಯೊಳಗಿನ ಕಪ್ಪೆಯಂತೆ ಭದ್ರವಾಗಿತ್ತು.

ಭಾನುವಾರ ಊರಿಗೆ ಕಸದ ಗಾಡಿ ಬರುವುದಿಲ್ಲ. ಹಾಡು ಹೇಳುತ್ತ, ಡಿಕ್ಕಿ ತೆರೆದುಕೊಂಡು, ಮೆಲ್ಲಗೆ ಬರುತ್ತಿದ್ದ ವಾಹನ ಕಂಡು ಪೇಟೆ ಬೀದಿಯ ಹೆಂಗಸರಿಗೆ ಸಂತೋಷವಾಯಿತು. ಬಕೆಟ್ಟುಗಳು ಹೊರಬಂದವು.

"ಅಮ್ಮಾ, ಇದು ಕಸದ ಗಾಡಿ ಅಲ್ಲ!" ತಿಮ್ಮೇಶ್ ಕಿಟಕಿಯಿಂದ ಕೂಗಿದ.

"ಏನು, ಹಸಿ ಕಸ ಒಣ ಕಸ ಬ್ಯಾರೆನಾ?" ಎಂದು ಒಬ್ಬಾಕೆ ಎರಡನ್ನೂ ಬೇರೆ ಬೇರೆಯಾಗಿ, ನೀಟಾಗಿ, ಡಿಕ್ಕಿಯ ಎಡಕ್ಕೊಂದು ಬಲಕ್ಕೊಂದು ಸುರಿದಳು.

ಡಿಕ್ಕಿ ತೊಳೆದು, ಅಜ್ಜಯ್ಯನವರನ್ನೂ ಕರಿಬಸಮ್ಮನನ್ನೂ ಇಳಿಸಿ, ಅವನು ತರೀಕೆರೆ ತಲುಪುವಾಗ ಮಧ್ಯಾಹ್ನ ಮೂರು. ತಿಪ್ಪೇಶ್ ಕಾರಿನ ಸುತ್ತ ಒಂದು ಸುತ್ತು ಬಂದು, ವಾರ್ನಿಷ್ ಮುಟ್ಟಿ, ಬೆರಳು ಮೂಸಿದ.

"ನೀವು ಬಿಚ್ಚಿದ್ರಾ?"

"ಸ್ವಲ್ಪ."

"ಅಜ್ಜಂಪುರದ ಮೋಟಾರ್ ಅಂಗಡಿ ತಿಮ್ಮೇಶಣ್ಣ ಅಲ್ವಾ ನೀವು? ಬ್ಯಾಸಗೇಲಿ ನಮ್ಮಪ್ಪ ಅಮೃತಾಪುರದಿಂದ ಮೋಟಾರ್ ಹೊತ್ಕಂಡು ಬಂದಿದ್ರು. ಒಂದು ನಟ್ಟು ಬಿಚ್ಚಿದ್ರು ಅಂತ ಬೋರ್ಡ್ ತೋರ್ಸಿ ವಾಪಸ್ ಕಳಿಸಿದ್ರಿ."

ತಿಮ್ಮೇಶ್ ವಾರ್ನಿಷ್ ಅಂಟಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೋಪ ಇಲ್ಲಣ್ಣ. ನೀವು ಮಾಡಿದ್ದೇ ಸರಿ. ಕಸುಬು ಅಂದ್ರೆ ಹಂಗೇ ಇರ್ಬೇಕು" ಎಂದು ತಿಪ್ಪೇಶ್ ನಿಜವಾದ ಗೌರವದಿಂದಲೇ ಹೇಳಿ, ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡ. "ರಿವರ್ಸ್ ಲೈಟಿನ ವೈರ್ ಕಟ್ ಮಾಡ್ರಿ, ಸುಮ್ನಾಗ್ತದೆ. ಆದ್ರೆ ನಾ ಮುಟ್ಟಲ್ಲ. ಕಟ್ಟಿಂಗ್ ಪ್ಲೇಯರ್ ಕೂಡ ಕೊಡಲ್ಲ."

ವೈರು ಕತ್ತರಿಸುವ ತಿಮ್ಮೇಶನ ಪ್ಲೇಯರು ಮನೆಯ ಕಟ್ಟೆಯ ಮೇಲಿತ್ತು. ಬಸ್ಸು ಬರುವುದರೊಳಗೆ ಮನೆ ಸೇರಿ ಒಂದು ಸಲ ಚಕ್ ಅನಿಸಿದರೆ ಮುಗಿಯಿತು. ಆಮೇಲೆ ಕಾರು ಕೊಟ್ಟ ಹಾಗೇ ಮೂಕ. ದಾರಿಯುದ್ದಕ್ಕೂ ಅವನು ಒಮ್ಮೆಯೂ ಹಿಂದಕ್ಕೆ ಚಲಿಸದಂತೆ, ಪರೀಕ್ಷೆಯ ಹುಡುಗನ ಹಾಗೆ, ನೇರ ನೋಡಿಕೊಂಡು ಬಂದ.

ಮನೆ ಮುಂದೆ ಮುದ್ದಪ್ಪನವರು ಕೂತಿದ್ದರು. ಬಸ್ಸು ಬೇಗ ಬಂದಿತ್ತು. ಪ್ಲೇಯರು ಅವರ ಪಕ್ಕದಲ್ಲೇ ಇತ್ತು. ಅಂಗಿಯ ಜೇಬಿನಲ್ಲಿ ಕಾರಿನ ಆರ್‌ಸಿ ಕಾರ್ಡಿನ ತುದಿ ಕಾಣುತ್ತಿತ್ತು.

ಅವರು ಎದ್ದು ಬಂದು ಮನೆ ಪಕ್ಕದ ಶೆಡ್ಡಿನ ಬಾಗಿಲು ತೆಗೆದರು. ಹಿಂದಕ್ಕೆ ಬಾ ಎಂದು ಕೈಬೀಸಿದರು.

"ಇಲ್ಲೇ ಇರ್ಲಿ ಬಿಡಿ ಮಾವ."

ಕೈ ಮತ್ತೆ ಬೀಸಿತು.

ತಿಮ್ಮೇಶ್ ಇಳಿದು ಕಾರನ್ನು ಕೈಯಲ್ಲೇ ಹಿಂದಕ್ಕೆ ತಳ್ಳತೊಡಗಿದ. ಶೆಡ್ಡು ಏರಿನಲ್ಲಿತ್ತು. ಅಜ್ಜಯ್ಯ ಬಂದು ಹೆಗಲು ಕೊಟ್ಟರು, ಕರಿಬಸಮ್ಮ ಬಾನೆಟ್ಟಿಗೆ ಬೆನ್ನು ಕೊಟ್ಟರು. ಕಾರು ಒಂದು ಮೊಳ ಹತ್ತಿ ಎರಡು ಮೊಳ ಇಳಿಯಿತು.

"ಇಂಜಿನ್ ಐತಲ್ಲ" ಎಂದರು ಮುದ್ದಪ್ಪ.

"ಪೆಟ್ರೋಲ್ ಉಳಿಸೋಣ ಅಂತ ಮಾವ."

ಮುದ್ದಪ್ಪನವರು ಅಳಿಯನನ್ನು ಪಕ್ಕಕ್ಕೆ ಸರಿಸಿ ತಾವೇ ಸೀಟಿನಲ್ಲಿ ಕೂತರು. ಕೀ ತಿರುಗಿಸಿದರು. ಗೇರು ಹಾಕಿದರು.

"ಎದ್ದೇಳೋ ಗುರುವೇ, ಹೊತ್ತಾಯ್ತು!"

ಗಾನವಿ ಬಾಗಿಲಲ್ಲಿ ಕಣ್ಣುಮುಚ್ಚಿಕೊಂಡಳು. ಮುದ್ದಪ್ಪನವರು ಗೇರು ತೆಗೆದರು, ನಿಂತಿತು. ಹಾಕಿದರು, ಹಾಡಿತು. ತೆಗೆದರು.

"ಹಿಂದಕ್ಕೆ ಹೋಗೋವಾಗ ಮಾತ್ರಾನಾ?" ಎಂದರು ಮುದ್ದಪ್ಪ.

"ಹೂಂ ಮಾವ. ತಪ್ಪಾಯ್ತು. ನಾಳೆ..."

"ನೀನೇ ಮಾಡಿದ್ದಾ?"

"ನಾನೇ."

ಮುದ್ದಪ್ಪನವರು ಇಳಿದು ಬಂದು ಅಳಿಯನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಮಾತಾಡಿದರು. ಮದುವೆಯಾದ ಆರು ವರ್ಷದಲ್ಲಿ ಆಡದಷ್ಟನ್ನು ಒಂದೇ ಉಸಿರಿಗೆ ಆಡಿದರು.

"ಲೇ ತಿಮ್ಮೇಶ, ಯಾಕೆ ಕಾರು ಬಿಟ್ಟು ಹೋಗಿದ್ದೆ ಗೊತ್ತೇನಾ? ಯಾರಿಗೂ ಹೇಳಿರ್ಲಿಲ್ಲ, ನಾಚ್ಕೆ. ನಮ್ಮ ಹಟ್ಟೀಲಿ ಕಾರಿನ ನೆಳ್ಳಿಗೆ ಕುರಿ ಬಂದು ಮಲಗ್ತವೆ. ನಂಗೆ ಕತ್ತು ಹಿಂದಕ್ಕೆ ತಿರುಗಲ್ಲ. ಕರಿಯಣ್ಣನ ಟಗರಿಗೆ ಎರಡು ಸಲ ಗುದ್ದಿಸ್ದೆ. ಅದು ಈಗ ನನ್ನ ಕಂಡ್ರೆ ಬೇಲಿ ಹಾರ್ತದೆ, ಊರೆಲ್ಲ ನಗ್ತದೆ. ಕಡೂರಲ್ಲಿ ಅಂಗಡಿಯವನು ರಿವರ್ಸಿಗೆ ಕುಂಯ್ ಕುಂಯ್ ಅನ್ನೋದೊಂದು ಹಾಕ್ಕೊಟ್ಟ. ಕುರಿ ಕಿವೀನೂ ಅಲ್ಲಾಡಿಸ್ಲಿಲ್ಲ, ಕಿತ್ತಾಕ್ದೆ. ಅಷ್ಟು ಓದಿದೋನು, ಅವನಿಗೆ ತಿಳೀಲಿಲ್ಲ. ನಿಂಗೆ ಹೇಳ್ದೆ ತಿಳೀತಲ್ಲೋ! ಈ ತಾಳ ಕೇಳಿದ್ರೆ ಕುರಿಯೇನು, ಕುರುಬನೂ ಏಳ್ತಾನೆ."

ತಿಮ್ಮೇಶನ ಮುಖ ಅರಳಿತು. ಅವನ ಕಣ್ಣು ಮಾವನ ಜೇಬಿನ ಮೇಲಿತ್ತು. ಮುದ್ದಪ್ಪನವರ ಕೈಯೂ ಜೇಬಿಗೆ ಹೋಯಿತು. ಕಾರ್ಡನ್ನು ಹೊರಗೆ ತೆಗೆದು, ಒರೆಸಿ, ಒಮ್ಮೆ ನೋಡಿ, ಮತ್ತೆ ಒಳಗಿಟ್ಟುಕೊಂಡರು.

"ಹಿಂದಕ್ಕೆ ತೆಗೆಯೋಕೆ ಭಯ ಅಂತ ನಿಂಗೇ ಕೊಡಾನ ಅಂತಿದ್ದೆ. ಇನ್ನೇನು ಭಯ? ಇನ್ನೂ ಹತ್ತು ವರ್ಷ ನಾನೇ ಓಡಿಸ್ತೀನಿ."

ಅವರು ಕಾಫಿಗೂ ನಿಲ್ಲಲಿಲ್ಲ. ಕಾರು ಬೀದಿಯ ಇಳಿಜಾರಿನಲ್ಲಿ ಯಗಟಿಯ ಕಡೆ ಹೊರಟಿತು. ಅಜ್ಜಯ್ಯ, ಕರಿಬಸಮ್ಮ, ಗಾನವಿ, ತಿಮ್ಮೇಶ್ ನಾಲ್ವರೂ ಕಣ್ಮರೆಯಾಗುವವರೆಗೂ ನೋಡುತ್ತ ನಿಂತರು. ಯಾರೂ ಮಾತಾಡಲಿಲ್ಲ. ಕಾರು ಮುಂದಕ್ಕೆ ಹೋಗುತ್ತಿದ್ದುದರಿಂದ ಅದರೊಳಗಿಂದಲೂ ಯಾವ ಸದ್ದೂ ಬರಲಿಲ್ಲ.