ಮೊಮ್ಮಗನ ಕೆಂಪು ಕುಂಡಿ

ಇಬ್ಬರು ಮಕ್ಕಳನ್ನು ಒಂದೂ ಡೈಪರ್ ಇಲ್ಲದೆ ಬೆಳೆಸಿದ ಹೆಂಗಸು ನಾನು. ಆದ್ದರಿಂದ ಸಂಡೂರಿನ ಮಗಳ ಮನೆಯಲ್ಲಿ ಮೊಮ್ಮಗನ ಡೈಪರ್ ಬಿಚ್ಚಿ, ಕೆಂಪಗೆ ದದ್ದೆದ್ದ ಕುಂಡಿ ಕಂಡಾಗ ಗಾಬರಿಯಾಗಲಿಲ್ಲ. ಒಳಗೊಳಗೆ ಸ್ವಲ್ಪ ಹಿಗ್ಗಿದೆ. ನನ್ನ ವಿದ್ಯೆಗೆ ಕೆಲಸ ಸಿಕ್ಕಿತ್ತು.

ಮಗಳು ಸವಿತಾ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗಬೇಕು. ಕೂಸನ್ನು ನನ್ನ ಹತ್ತಿರ ಬಿಡುವುದೋ, ಆಯಾ ಇಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.

“ಅಷ್ಟರಾಗ ಇದು ವಾಸಿ ಆಗ್ತೈತೇನು ನೋಡೂಣವ್ವ,” ಎಂದಳು. ಅದು ಮಾತಲ್ಲ, ಪರೀಕ್ಷೆ.

“ಡೈಪರ್ ತಗದು ಒಗಿ. ಗಾಳಿ ಆಡ್ಲಿ,” ಎಂದು ಅಪ್ಪಣೆ ಕೊಟ್ಟೆ.

ಕಂಪ್ಲಿಯಿಂದ ತಂದಿದ್ದ ಹಳೆ ಹತ್ತಿ ಸೀರೆಯನ್ನು ಹರಿದು ಮೆತ್ತನೆಯ ಬಟ್ಟೆ ಮಾಡಿದೆ. ಕಂದು ಬಣ್ಣದ ಸೀರೆ. ಕೊಳೆ ಕಾಣುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಒದ್ದೆಯಾದ ಕೂಡಲೇ ಬದಲಿಸಿದೆ, ಬರೀ ನೀರಲ್ಲಿ ತೊಳೆದೆ, ಉಜ್ಜದೆ ಒತ್ತಿ ಒರೆಸಿದೆ, ಕೊಬ್ಬರಿ ಎಣ್ಣೆ ಸವರಿದೆ. ಪೌಡರ್ ಡಬ್ಬಿಯನ್ನು ಅಲಮಾರದ ನೆತ್ತಿಗೆ ಗಡಿಪಾರು ಮಾಡಿದೆ. ಒಗೆದ ಬಟ್ಟೆಗಳನ್ನು ಮಾಳಿಗೆಯ ಬಿಸಿಲಲ್ಲಿ ಹರವಿದೆ. ಇಡೀ ಓಣಿಯಲ್ಲಿ ಮಾಳಿಗೆಯ ಮೇಲೆ ಬಟ್ಟೆ ಹಾಕಿದವಳು ನಾನೊಬ್ಬಳೇ. ಈ ಊರಿನವರಿಗೆ ಬಿಸಿಲಿನ ಬೆಲೆ ಗೊತ್ತಿಲ್ಲವೆಂದು ಮರುಗಿದೆ.

ದದ್ದು ಬಾಡತೊಡಗಿತು. ಶನಿವಾರ ಗಾಳಿ ಜೋರಿತ್ತು, ಬಟ್ಟೆ ಬೇಗ ಒಣಗಿತು. ಧಾರಾಳವಾಗಿ ಎಣ್ಣೆ ಸವರಿ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಬಿಚ್ಚಿದರೆ, ಸೊಂಟದಿಂದ ತೊಡೆಯವರೆಗೆ ಕೆಂಪೋ ಕೆಂಪು!

“ಅವ್ವಾ, ಏನ್ ಮಾಡಿದಿ?” ಎಂದಳು ಸವಿತಾ.

“ಎರಡು ಮಕ್ಕಳ್ನ ಬೆಳೆಸೀನಿ ಅಂತಿದ್ದಿ,” ಎಂದರು ನನ್ನ ಜೊತೆ ಬಂದಿದ್ದ ನಮ್ಮ ಯಜಮಾನರು, ಕುರ್ಚಿಯಿಂದ ಏಳದೆ. “ಬೆಳೆಸಿದಾಕಿ ನಮ್ಮವ್ವ.”

ಬಟ್ಟೆ ಕಟ್ಟುವುದನ್ನೂ ಬಿಟ್ಟು ಕೂಸನ್ನು ಸೊಂಟದ ಮೇಲೆ ಹಾಕಿಕೊಂಡು ಸವಿತಾಳೊಂದಿಗೆ ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಕೂಸು ನಗುತ್ತಿತ್ತು. ಅಳು ಬಂದದ್ದು ನನಗೆ.

ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರು. ಕೆಂಪೆಲ್ಲ ಹತ್ತಿಗೆ ಬಂತು.

“ಇದು ಗಣಿ ಕಡಿಯಿಂದ ಹಾರಿ ಬರೋ ಅದಿರಿನ ಧೂಳು. ಎಣ್ಣಿಗೆ ಅಂಟೈತಿ. ಬಟ್ಟಿ ಎಲ್ಲಿ ಒಣಗಿಸಿದ್ರಿ?”

“ಮಾಳಿಗಿ ಮ್ಯಾಲ್ರಿ.”

“ಯಾವೂರು ನಿಮ್ದು?”

“ಕಂಪ್ಲಿರಿ.”

“ಅದಕ್ಕ,” ಎಂದು ಇನ್ನೊಂದು ತುಂಡು ಹತ್ತಿ ಹರಿದರು. “ಆದ್ರ ಒಳಗಿನ ದದ್ದು ಭಾಳ ಚಲೋ ವಾಸಿ ಆಗೈತ್ರಿ. ಹಿಂಗ ಗಾಳಿಗೆ ಬಿಡ್ರಿ. ಬಟ್ಟಿ ಮಾತ್ರ ಮನಿಯೊಳಗ ಒಣಗಿಸ್ರಿ. ಗುಳ್ಳಿ ಎದ್ರ ಜಲ್ದಿ ಬಂದು ತೋರಸ್ರಿ.”

“ಏನಂದ್ರಿ, ಭಾಳ ಚಲೋ?” ಎಂದು, ಹೊರಗೆ ಕುಳಿತವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿಸಿದೆ.

ಹೊರಗೆ ಬಂದಾಗ ಸವಿತಾ ಕೂಸನ್ನು ಎತ್ತಿಕೊಂಡಳು. “ಆಯಾ ಬ್ಯಾಡವ್ವ. ಕೂಸು ನಿಂದು. ಬಟ್ಟಿ ಒಣಗಿಸೋದು ಅಪ್ಪಂದು.”

ತಲೆಯೆತ್ತಿ, ಬಜಾರಿನ ನಡುವೆಯೇ ನಡೆದೆ. ಎದುರಾದವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಸುದ್ದಿ ಆಗಲೇ ಹಬ್ಬಿದೆ ಎಂದುಕೊಂಡು ನಾನೂ ನಕ್ಕೆ.

ಮನೆಯಲ್ಲಿ ಯಜಮಾನರು ನನ್ನ ಸೊಂಟದ ಕಡೆ ಬೊಟ್ಟು ಮಾಡಿದರು. ಕೆನೆ ಬಣ್ಣದ ಹೊಸ ಸೀರೆಯ ಮೇಲೆ ಎರಡು ದುಂಡನೆಯ ಕೆಂಪು ಗುರುತು, ಅಳತೆ ತಪ್ಪದಂತೆ.

“ನೀ ಅಷ್ಟು ಖುಷಿಯಾಗಿದ್ದಿ, ಹೇಳಾಕ ಮನಸ್ಸಾಗ್ಲಿಲ್ಲವ್ವ,” ಎಂದಳು ಸವಿತಾ.

ಸರ್ಟಿಫಿಕೇಟನ್ನು ಡಾಕ್ಟರಮ್ಮ ಬಾಯಲ್ಲೇ ಕೊಟ್ಟಿದ್ದರು. ಮುದ್ರೆಯನ್ನು ಮೊಮ್ಮಗ ಮೊದಲೇ ಒತ್ತಿದ್ದ.