ಆರ್ಮೇನಿಯಾದ ಕಡಗ, ಸಂಕಷ್ಟಿಯ ಮೊಟ್ಟೆ

ಆ ಶನಿವಾರ ಸರ್ವೋತ್ತಮ ಮಾಡಿದ ತಪ್ಪು ಒಂದೇ. ಬೆಳ್ಳಿಯ ಕಡಗವನ್ನು ಊಟದ ಮೇಜಿನ ಮೇಲಿಟ್ಟು, ಹೆಂಡತಿಗೆ ಒಂದು ಮಾತೂ ಹೇಳದೆ ಸ್ನಾನಕ್ಕೆ ಹೋದದ್ದು.

ಕಡಗ ಹೆಂಡತಿಗಲ್ಲ, ಆಫೀಸಿನ ನಾರಿನೆ ಮೇಡಂಗೆ. ಮೇಡಂ ಆರ್ಮೇನಿಯಾದವರು, ತಮ್ಮ ಊರಿನ ಕೈಕೆಲಸ ಅಂದರೆ ಪ್ರಾಣ. ಅಂದು ಅವರ ಹುಟ್ಟುಹಬ್ಬ. ಸಂಜೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಅವರ ಮನೆಯಲ್ಲಿ ಊಟ. ಬರೀ ಊಟವಾಗಿದ್ದರೆ ಸರ್ವೋತ್ತಮ ಒಂದು ಡಬ್ಬಿ ಖರ್ಜೂರದಲ್ಲಿ ಕೈತೊಳೆದುಕೊಳ್ಳುತ್ತಿದ್ದ. ಆದರೆ ಕಂಪನಿ ಮದೀನತ್ ಜಾಯೆದ್‌ನಲ್ಲಿ ಹೊಸ ಬ್ರಾಂಚು ತೆರೆಯುತ್ತಿತ್ತು. ಅಕೌಂಟ್ಸ್‌ನಿಂದ ಒಬ್ಬನನ್ನು ಅಲ್ಲಿಗೆ ಎತ್ತಿಹಾಕುವುದು ಖಂಡಿತ. ಅದು ಸರ್ವೋತ್ತಮನೋ, ಭಟ್ಕಳದ ಇಮ್ತಿಯಾಜನೋ ಎಂಬುದು ಮೇಡಂ ಕೈಯಲ್ಲಿ. ಮರಳುಗಾಡಿನ ಆ ಮೂಲೆಗೆ ಬಿದ್ದರೆ ಹೆಂಡತಿ, ಮಗಳು ದುಬೈಯಲ್ಲಿ, ತಾನು ವಾರಕ್ಕೊಮ್ಮೆ ಬರುವ ನೆಂಟ.

ಹಾಗಾಗಿ ಬೆಳಿಗ್ಗೆಯೇ ದುಬೈಯ ಜುಮೇರಾ ಲೇಕ್ ಟವರ್ಸ್‌ಗೆ ಓಡಿ, ಆರ್ಮೇನಿಯಾದ ಕೈಕೆಲಸದ ಸಾಮಾನು ಮಾರುವ ಪುಟ್ಟ ಅಂಗಡಿ ಹೊಕ್ಕಿದ್ದ. ದಾಳಿಂಬೆ ಆಕಾರದ ಓಲೆ, ಕಲ್ಲಿನ ಸರ, ನೇಯ್ದ ಚೀಲ, ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಅಂಗಡಿಯಾಕೆಯ ತಾಳ್ಮೆಯನ್ನೆಲ್ಲ ಹೀರಿ ಕೊನೆಗೆ ಈ ಕಡಗ ಆರಿಸಿದ. ಸುತ್ತಲೂ ಕೆತ್ತಿದ ದಾಳಿಂಬೆ, ಎಲೆ; ಗೆರೆಗಳ ಸಂದಿಯಲ್ಲಿ ಬೇಕೆಂದೇ ಕೂರಿಸಿದ ಕಪ್ಪು. "ಈ ಕಪ್ಪೇ ಇದರ ಅಂದ. ಯಾವ ಕಾರಣಕ್ಕೂ ತಿಕ್ಕಬೇಡಿ," ಎಂದು ಆಕೆ ಒತ್ತಿ ಹೇಳಿದ್ದಳು.

ಸ್ನಾನ ಮುಗಿಸಿ ಬಂದರೆ, ಎದುರು ಫ್ಲಾಟಿನ ಲೋಲಾಕ್ಷಕ್ಕ ನೈಟಿಯ ಮೇಲೆ ಶಾಲು ಬಿಗಿದು ಸಿಂಕಿನ ಮುಂದೆ ನಿಂತಿದ್ದರು. ಕೈಯಲ್ಲಿ ಹಳೇ ಬ್ರಶ್ಶು.

"ಬಾ ಸರ್ವೋತ್ತಮ, ನೋಡು! ಎಂಥ ಕಪ್ಪು ಹಿಡಿದ ಮಾಲು ದಾಟಿಸಿದ್ದಾರೆ ಮಾರಾಯ ನಿಂಗೆ. ಫಾಯಿಲ್ ಪೇಪರ್, ಸೋಡಾಪುಡಿ, ಕುದಿಯುವ ನೀರು, ಮೇಲಿಂದ ಸ್ವಲ್ಪ ಟೂತ್‌ಪೇಸ್ಟು. ನಮ್ಮನೆ ದೇವರ ದೀಪಕ್ಕೂ ನಾನು ಇದನ್ನೇ ಮಾಡುದು."

ಕಡಗ ಹೊಸ ಸ್ಟೀಲ್ ಲೋಟದ ಹಾಗೆ ಮಿರಮಿರ ಮಿಂಚುತ್ತಿತ್ತು. ದಾಳಿಂಬೆ ಎಲ್ಲಿ, ಎಲೆ ಎಲ್ಲಿ ಎಂದು ಹುಡುಕಬೇಕು.

"ಅಯ್ಯೋ, ಕೆಟ್ಟೆ!"

"ಎಂತ ಕೆಡುದು?" ಎಂದಳು ಹೆಂಡತಿ ಪ್ರಫುಲ್ಲಾ. "ಅಕ್ಕ ಪಾಪ ಆಗಿಂದ ತಿಕ್ತಾ ಇದ್ದಾರೆ. ಒಂದು ಥ್ಯಾಂಕ್ಸ್ ಆದ್ರೂ ಹೇಳಿ."

ಸರ್ವೋತ್ತಮ ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳಿ, ಅಂಗಡಿಗೆ ಫೋನು ಹಚ್ಚಿದ. ಅಂಥದ್ದು ಇನ್ನೊಂದು ಇರಲಿಲ್ಲ. ಆಕೆ ಮೊದಲು ಹೊಟ್ಟೆ ತುಂಬ ನಕ್ಕಳು, ಆಮೇಲೆ ಉಪಾಯ ಹೇಳಿಕೊಟ್ಟಳು. ಮೊಟ್ಟೆ ಬೇಯಿಸಿ, ಬಿಸಿಯಿರುವಾಗಲೇ ಹಿಚುಕಿ, ಕಡಗದ ಜೊತೆ ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು. ಬೆಳ್ಳಿ ತಾನಾಗಿ ಕಪ್ಪಾಗುತ್ತದೆ.

"ಇವತ್ತು ಸಂಕಷ್ಟಿ," ಎಂದಳು ಪ್ರಫುಲ್ಲಾ. "ಈ ಮನೆಯಲ್ಲಿ ಮೊಟ್ಟೆ ಬೆಂದ್ರೆ ನಾನು ಹೊರಗೆ."

"ಬೇಯದಿದ್ರೆ ನಾನು ಹೊರಗೆ ಮಾರಾಯ್ತಿ! ಸೀದಾ ಮದೀನತ್ ಜಾಯೆದ್‌ಗೆ!"

ಕೊನೆಗೆ ಮೇಲಿನ ಮಹಡಿಯ ಜೂಡಿತ್ ಬಾಯಿ ಮನೆಯಲ್ಲಿ ಮೊಟ್ಟೆ ಬೆಂದವು. ಲೋಲಾಕ್ಷಕ್ಕನದೂ ವ್ರತ. ಆದರೆ ಸಲಹೆ ಕೊಡುವುದಕ್ಕೆ ವ್ರತ ಅಡ್ಡಬರಲಿಲ್ಲ. ಮೂಗಿಗೆ ಶಾಲು ಒತ್ತಿ ಬಾಗಿಲಲ್ಲೇ ನಿಂತು, "ಇನ್ನೂ ಇರ್ಲಿ, ಇನ್ನೂ ಕರ್ರಗಾಗ್ಲಿ," ಎನ್ನುತ್ತಿದ್ದರು. ಡಬ್ಬಿ ತೆರೆದಾಗ ಕಡಗ ದೋಸೆಕಾವಲಿಯ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ, ಅರೆ! ದಾಳಿಂಬೆಗಳು ಒಂದೊಂದಾಗಿ ಎದ್ದು ಬಂದವು. ಸರ್ವೋತ್ತಮನಿಗೆ ಕುಣಿಯುವಷ್ಟು ಖುಷಿ.

ಆದರೆ ವಾಸನೆ! ಲಿಫ್ಟಿನಲ್ಲಿದ್ದವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದರು. ತೊಳೆದರೂ ಹೋಗಲಿಲ್ಲ. ಜೂಡಿತ್ ಬಾಯಿ ಸೆಂಟು ಹೊಡೆಯಲು ಬಂದರು, ಲೋಲಾಕ್ಷಕ್ಕ ಊದಿನಕಡ್ಡಿ ಹಿಡಿದು ಬಂದರು.

"ಖಲಾಸ್! ಇನ್ನು ಯಾರೂ ಮುಟ್ಟಬೇಡಿ!" ಎಂದು ಕಡಗ ಕಸಿದುಕೊಂಡು ಅವನು ಕಾರು ಹತ್ತಿದ. ಅಬುಧಾಬಿವರೆಗೂ ಕಿಟಕಿ ತೆರೆದೇ ಓಡಿಸಿದ. ಅವನು ಬೆವರಿನಲ್ಲಿ ಒದ್ದೆಯಾದನೇ ವಿನಾ ವಾಸನೆ ಸೀಟು ಬಿಟ್ಟು ಏಳಲಿಲ್ಲ.

ಮೇಡಂ ಮನೆಯಲ್ಲಿ ಇಮ್ತಿಯಾಜ್ ಪೆಟ್ರೋಲ್ ಪಂಪಿನಲ್ಲಿ ಕೊಂಡ ಚಾಕಲೇಟ್ ಪೊಟ್ಟಣ ಹಿಡಿದು ನಿಂತಿದ್ದ. ಪಾಪ, ಮರಳುಗಾಡಿಗೆ ಹೊರಟವನು ಎಂದು ಸರ್ವೋತ್ತಮ ಒಳಗೊಳಗೇ ಮರುಗಿದ.

ಮೇಡಂ ಕಡಗ ಎತ್ತಿ ನೋಡಿದರು. ಮೂಗರಳಿಸಿದರು. ಸರ್ವೋತ್ತಮ ಬಾಗಿಲಿನ ಕಡೆ ನೋಡಿದ. ಮೇಡಂ ಇನ್ನೊಮ್ಮೆ ಮೂಸಿದರು. ಅವರ ಕಣ್ಣು ತುಂಬಿತ್ತು.

"ನಮ್ಮಜ್ಜಿ ಮೊಟ್ಟೆ ಇಟ್ಟೇ ಬೆಳ್ಳಿಗೆ ಕಪ್ಪು ಬರಿಸುತ್ತಿದ್ದರು," ಎಂದರು ಇಂಗ್ಲಿಷಿನಲ್ಲಿ. "ಈ ವಾಸನೆ ನನಗೆ ಮರೆತೇ ಹೋಗಿತ್ತು. ಇಷ್ಟು ಕಷ್ಟ ಯಾರು ಪಟ್ಟರು? ನೀವೇನಾ?"

"ನಾನೇ ಮೇಡಂ," ಎಂದ ಸರ್ವೋತ್ತಮ. ಉಳಿದವರ ಹೆಸರು ಎತ್ತಲಿಲ್ಲ.

ಮೇಡಂ ಅವನ ಕೈ ಹಿಡಿದುಕೊಂಡೇ ಎಲ್ಲರನ್ನೂ ಹತ್ತಿರ ಕರೆದರು. "ಇವತ್ತು ಹೇಳಿಬಿಡುತ್ತೇನೆ. ಮದೀನತ್ ಜಾಯೆದ್ ಬ್ರಾಂಚನ್ನು ನಡೆಸಲು ಕಂಪನಿ ನನ್ನನ್ನೇ ಕಳಿಸುತ್ತಿದೆ. ಇಮ್ತಿಯಾಜನನ್ನು ಕರೆದೊಯ್ಯೋಣ ಎಂದುಕೊಂಡಿದ್ದೆ. ಈಗ ಬೇಡ. ಆ ಒಂಟಿ ಊರಿನಲ್ಲಿ ನನಗೆ ಇಂಥ ಮನುಷ್ಯನೇ ಜೊತೆಗಿರಬೇಕು!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಇಮ್ತಿಯಾಜ್. ಓಡಿಬಂದು ತಬ್ಬಿಕೊಂಡು, "ಅಲ್ಲಾಹ್ ನಿಮ್ಗೆ ಒಳ್ಳೇದು ಮಾಡ್ಲಿ ಸರ್ವೋತ್ತಮ್ ಭಾಯ್!" ಎಂದ. ಅಷ್ಟು ಮನಸಾರೆ ಅವನು ಯಾರನ್ನೂ ಹರಸಿರಲಿಲ್ಲ.

ಅಷ್ಟರಲ್ಲಿ ಪ್ರಫುಲ್ಲಾಳ ಫೋನು ಬಂತು.

"ಎಂತ ಆಯ್ತು? ಮೇಡಂಗೆ ಇಷ್ಟ ಆಯ್ತಾ? ಲೋಲಾಕ್ಷಕ್ಕ ಇಲ್ಲೇ ಕೂತು ಕಾಯ್ತಾ ಇದ್ದಾರೆ."

"ಆಯ್ತು ಮಾರಾಯ್ತಿ, ತುಂಬಾ ಇಷ್ಟ ಆಯ್ತು," ಎಂದ ಸರ್ವೋತ್ತಮ. "ನನ್ನ ಬಟ್ಟೆ ಕಟ್ಟಿಡು."