ಎಫ್ ಒತ್ತಿದರೆ ಒತ್ತು

ಓದೇ ಬಾರದವರಿಗೆ ಒಂದು ನೆಮ್ಮದಿ ಇರುತ್ತೆ, ಯಾರೂ ಅವರನ್ನ ಏನೂ ಕೇಳೋದಿಲ್ಲ. ಚೆನ್ನಾಗಿ ಓದಿದವರಿಗೆ ಇನ್ನೊಂದು ನೆಮ್ಮದಿ, ಯಾರು ಏನು ಕೇಳಿದರೂ ಬಾಯಲ್ಲಿ ಉತ್ತರ ಇರುತ್ತೆ. ಕಷ್ಟ ಇರೋದು ನನ್ನಂಥ ಅರ್ಧಂಬರ್ಧದವರಿಗೆ. ಸ್ಕೂಲಿನಲ್ಲಿ ನನಗೆ ಕಾಗುಣಿತ ಮುಗಿದು ಒತ್ತಕ್ಷರ ಶುರುವಾಗೋ ಹೊತ್ತಿಗೆ ತಮ್ಮ ಹುಟ್ಟಿದ. ತೊಟ್ಟಿಲು ತೂಗೋಕೆ ಮನೇಲಿ ಉಳಿದವಳು ಮತ್ತೆ ಸ್ಲೇಟು ಹಿಡಿಯಲಿಲ್ಲ. ಹಾಗಾಗಿ ಒತ್ತಿಲ್ಲದ ಮಾತೆಲ್ಲ ನನಗೆ ಓದೋಕೆ ಬರುತ್ತಿತ್ತು, ಒತ್ತು ಬಂದ ಕಡೆ ಎಡವುತ್ತಿದ್ದೆ. ರಾಗಿ ಅಂತ ಓದಿಬಿಡುತ್ತಿದ್ದೆ, ಮುದ್ದೆ ಅಂತ ಓದೋಕಾಗುತ್ತಿರಲಿಲ್ಲ. ಮನೆ ಬರುತ್ತಿತ್ತು, ಅಮ್ಮ ಬರುತ್ತಿರಲಿಲ್ಲ. ಹೆಸರು ನೋಡಿದರೆ ಪುಟ್ಟಮ್ಮ, ಊರು ನೋಡಿದರೆ ದೊಡ್ಡನೆಕ್ಕುಂದಿ, ಎರಡಕ್ಕೂ ಎರಡೆರಡು ಒತ್ತು. ನನ್ನ ಹೆಸರೂ ನನ್ನದಲ್ಲ, ನನ್ನೂರಿನ ಬಸ್ ಬೋರ್ಡೂ ನನ್ನದಲ್ಲ. ಫ್ಯಾಕ್ಟರಿಗೆ ಜಮೀನು ಹೋದಾಗ ಕಾಗದ ಮುಂದಿಟ್ಟರು. ಏನಿದು ಅಂತ ಕೇಳಿದ್ದಕ್ಕೆ ನಮ್ಮ ಮಾವ, "ಸುಮ್ನೆ ಒತ್ತಮ್ಮ" ಅಂದರು. ಹೆಬ್ಬೆಟ್ಟು ಒತ್ತಿದೆ. ಒತ್ತು ಬಾರದವಳು ಜನ್ಮದಲ್ಲಿ ಒತ್ತಿದ್ದು ಅದೊಂದೇ.

ನನಗೊಬ್ಬಳು ಮೊಮ್ಮಗಳು, ಹಿತಾ, ನಾಲ್ಕನೇ ಕ್ಲಾಸು. ಒತ್ತಿಲ್ಲದ ಹೆಸರೇ ಬೇಕು ಅಂತ ಹಠ ಹಿಡಿದು ಇಡಿಸಿದವಳು ನಾನೇ. ಬರೆಯೋಕೆ ಬಂತು, ಕರೆಯೋಕೆ ಬರಲಿಲ್ಲ. ನಮ್ಮ ಬಾಯಲ್ಲಿ ಹಕಾರ ನಿಲ್ಲೋದಿಲ್ಲ, "ಇತಾ" ಅಂತಲೇ ಬರುತ್ತೆ. ಈ ವರ್ಷ ಅವಳ ಸ್ಕೂಲಿನಲ್ಲಿ ಒಂದು ಪಾಠ ಬಂತು. ದೊಡ್ಡವರು ತಂತ್ರಜ್ಞಾನವನ್ನು ಹೇಗೆ ಬಳಸುತ್ತಾರೆ ಅಂತ. ಆ ಪದದಲ್ಲಿರೋ ಒತ್ತು ನೋಡಿದರೇ ತಲೆ ಸುತ್ತುತ್ತೆ. ದೊಡ್ಡವರು ಫೋನಿನಿಂದ ಜ್ಞಾನ ಪಡೀತಾರಂತೆ, ದೂರದ ಬಂಧುಗಳ ಜೊತೆ ಮಾತಾಡ್ತಾರಂತೆ, ಸಮಯ ಉಳಿಸ್ತಾರಂತೆ. ನಾನು ಕಂಡ ದೊಡ್ಡವರು ಬೇರೆ. ನನ್ನ ಮಗ ಮಂಜ, ಕಂಪನಿಗಳಿಗೆ ಕ್ಯಾಬ್ ಬಿಟ್ಟಿದ್ದಾನೆ, ಫೋನ್ ಹಿಡಿದು ಬಚ್ಚಲಿಗೆ ಹೋದ ಅಂದರೆ ಒಲೆ ಮೇಲಿಟ್ಟ ಬೇಳೆ ಬೆಂದಿರುತ್ತೆ, ಅವನು ಬಂದಿರೋದಿಲ್ಲ. ಸೊಸೆ ಬಂಧುಗಳ ಜೊತೆ ಮಾತಾಡೋದು ನಿಜ. ಬೆಳಿಗ್ಗೆ ಓರಗಿತ್ತಿಗೆ ಗುಲಾಬಿ ಹೂವಿನ ಚಿತ್ರ ಕಳಿಸ್ತಾಳೆ, ಸಂಜೆ ತವರಿನವರ ಗ್ರೂಪಿನಲ್ಲಿ ಅವಳ ಮಾನ ಹರಾಜು ಹಾಕ್ತಾಳೆ. ಇದನ್ನ ಪಾಠದಲ್ಲಿ ಹಾಕಲಿ ನೋಡೋಣ.

ಪಾಠದ ಕೊನೆಗೆ ಮಕ್ಕಳಿಗೊಂದು ಕೆಲಸ. ಮನೆಯ ಒಬ್ಬ ದೊಡ್ಡವರನ್ನ ಗಮನಿಸಿ, ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಐದು ವಾಕ್ಯ ಟೈಪ್ ಮಾಡಿಕೊಂಡು ಬರಬೇಕು. ಕ್ಲಾಸಿನ ಮಕ್ಕಳೆಲ್ಲ ಅಪ್ಪನನ್ನ ಆರಿಸಿಕೊಂಡರೆ ಇವಳು ನನ್ನನ್ನ ಆರಿಸಿಕೊಂಡಳು. ನನಗೆ ಒಳಗೊಳಗೇ ಹೆಮ್ಮೆ. "ಯಾಕವ್ವಾ ನಾನು?" ಅಂದೆ. "ಅಪ್ಪ ಫೋನ್ ಮುಟ್ಟೋಕೆ ಬಿಡಲ್ಲ, ಅಮ್ಮ ಮನೇಲಿ ಇರಲ್ಲ. ನೀನಾದ್ರೆ ಎಲ್ಲೂ ಹೋಗಲ್ಲ" ಅಂದಳು. ಹೆಮ್ಮೆ ಅಲ್ಲೇ ಇಳೀತು.

ಟೈಪಿಂಗ್ ಕಲೀಲಿ ಅಂತ ಮಂಜ ಯಾವುದೋ ಕಂಪನಿಯವರು ಮಾರಿದ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟಿದ್ದ. ಹತ್ತೂ ಬೆರಳಲ್ಲಿ ಒತ್ತಬೇಕು, ಕೆಳಗೆ ನೋಡಬಾರದು ಅಂತ ಮಿಸ್ ಹೇಳಿದ್ದಾರೆ. ಮಗು ಗೋಡೆ ನೋಡಿಕೊಂಡು ಕುಟ್ಟೋದು, ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯೋದು. ಒಂದು ದಿನ "ಅಜಜಿ" ಅಂತ ಬಂದಿತ್ತು. "ಇದ್ಯಾರೇ?" ಅಂದೆ. "ನೀನೇ. ಎಫ್ ಬಿಟ್ಟೋಯ್ತು. ಎಫ್ ಒತ್ತಿದ್ರೆ ಒತ್ತು ಬರುತ್ತೆ ಅಜ್ಜಿ" ಅಂದಳು. ಎಫ್ ಒತ್ತಿ ತೋರಿಸಿದಳು. ಎರಡನೇ ಜ ಸರಕ್ಕನೆ ಮೊದಲನೇದರ ಕೆಳಗೆ ಹೋಗಿ ಕೂತಿತು. ಅಷ್ಟೇನಾ? ಆ ಎಫ್ ಮೇಲೆ ಒಂದು ಸಣ್ಣ ಗೀರು ಬೇರೆ ಎಬ್ಬಿಸಿದ್ದಾರೆ, ಕಣ್ಣು ಮಂಜಾದವರೂ ಬೆರಳಲ್ಲಿ ತಡವಿ ಹಿಡೀಬಹುದು. ನನ್ನನ್ನ ಇಷ್ಟು ವರ್ಷ ಆಟ ಆಡಿಸಿದ ಒತ್ತು ಒಂದು ಗುಂಡಿಯೊಳಗೆ ಕೂತಿತ್ತು. ಅವತ್ತೇ ಒಂದೇ ಬೆರಳಲ್ಲಿ ಪುಟ್ಟಮ್ಮ ಅಂತ ಕುಟ್ಟಿದೆ. ಇದನ್ನ ಕುಟ್ಟುತ್ತಿರೋದೂ ಅದೇ ಬೆರಳು. ಒತ್ತು ತಪ್ಪಿದ್ದ ಕಡೆ ಹಿತಾ ತಿದ್ದಿದ್ದಾಳೆ, ಮಾತು ತಪ್ಪಿದ್ದರೆ ನಾನು ತಿದ್ದೋದಿಲ್ಲ.

ಇನ್ನು ನನ್ನ ತಂತ್ರಜ್ಞಾನದ ವಿಷಯ. ನನ್ನ ಹತ್ತಿರ ಒಂದು ಫೋನಿದೆ. ಅದಕ್ಕೆ ಆಗಾಗ ನಂಬರ್ ಬರುತ್ತಿತ್ತು. ತಕ್ಷಣ ಮಂಜ ಎಲ್ಲಿಂದಲೋ ಕರೆ ಮಾಡಿ, "ಅಮ್ಮ, ನಂಬರ್ ಬಂತಾ? ಹೇಳು" ಅಂತಿದ್ದ. ಹೇಳ್ತಿದ್ದೆ. ಅಂಕಿಗೆ ಒತ್ತಿಲ್ಲವಲ್ಲ, ಸಲೀಸು. ಗ್ಯಾಸಿಗೆ, ಕರೆಂಟಿಗೆ, ರೇಷನ್ನಿಗೆ, ಎಲ್ಲಕ್ಕೂ ನನ್ನ ಹೆಸರಲ್ಲಿ ನಂಬರ್ ಬಂದು ಅವನ ಕಿವಿಗೆ ಹೋಗುತ್ತಿತ್ತು. ಹಿಂದೆ ಹೆಬ್ಬೆಟ್ಟು ಕೊಟ್ಟಿದ್ದೆ, ಆಮೇಲೆ ಬಾಯಿ ಕೊಡುತ್ತಿದ್ದೆ. ಬೆರಳಿಗೆ ಮಸಿ ಆಗೋದಿಲ್ಲ ಅನ್ನೋದೊಂದೇ ಸುಧಾರಣೆ.

ಮನೆ ಹಿಂದೆ ನನ್ನ ಹೆಸರಿನಲ್ಲಿ ಒಂದು ತುಂಡು ಜಾಗ ಇದೆ, ಅದರಲ್ಲಿ ಶೀಟ್ ಹಾಕಿದ ರೂಮುಗಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಬಾಡಿಗೆಗಿದ್ದಾರೆ. ಅವರಲ್ಲಿ ದೇವಮ್ಮ ಅನ್ನೋಳು ಒಂದಿನ ನೀರು ಹಿಡಿಯುವಾಗ, "ಆಯೀ, ರೂಮ್ ಖಾಲಿ ಮಾಡ್ಬೇಕಂತಲ್ರೀ? ಮಂಜಣ್ಣ ಹೇಳ್ಯಾನ್ರೀ" ಅಂದಳು. ನನಗೇ ಗೊತ್ತಿಲ್ಲದ ಸುದ್ದಿ. ಕೇಳಿದರೆ ಮಂಜ, "ಪಾರ್ಟಿ ಸಿಕ್ಕಿದೆ ಅಮ್ಮ. ರೂಮ್ ಕೆಡವಿ ಅವರೇ ಪೀಜಿ ಕಟ್ತಾರೆ. ನೀನು ಆರಾಮಾಗಿ ಕೂತ್ಕೋಬಹುದು" ಅಂದ. ನಾನು ಆರಾಮಾಗಿಯೇ ಕೂತಿದ್ದೀನಿ. ಆ ಜಾಗ ಒಂದಿರೋದಕ್ಕೇ ಈ ಮನೇಲಿ ನನ್ನ ಮಾತಿಗೆ ಯಾರಾದರೂ ತಲೆ ಎತ್ತೋದು. "ನಾನಿರೋವರೆಗೂ ಆಗಲ್ಲ" ಅಂದೆ. "ಆಯ್ತು ಬಿಡು" ಅಂದ. ನನ್ನ ಮಗ ಒಂದೇ ಸಲಕ್ಕೆ ಆಯ್ತು ಬಿಡು ಅಂದ ಅಂದರೆ ಆಗಲೇ ನನಗೆ ಗುಮಾನಿ ಬರಬೇಕಿತ್ತು.

ಒಂದು ಶನಿವಾರ ಮಧ್ಯಾಹ್ನ ಹಿತಾ ನನ್ನ ಫೋನ್ ಪಕ್ಕದಲ್ಲಿಟ್ಟುಕೊಂಡು ಅದರಲ್ಲಿ ಬಂದ ಮೆಸೇಜೆಲ್ಲ ನೋಡಿ ನೋಡಿ ಟೈಪ್ ಮಾಡುತ್ತಿದ್ದಳು. ಫೋನ್ ಕುಂಯ್ ಅಂತು, ಹಿಂದೆಯೇ ಮಂಜನ ಕರೆ. ಅವಳೇ ಸ್ಪೀಕರ್ ಹಾಕಿದಳು.

"ಅಮ್ಮ, ಗ್ಯಾಸ್ ಬುಕ್ ಮಾಡ್ತಿದ್ದೀನಿ. ನಂಬರ್ ಬಂದಿದೆ ನೋಡು, ಬೇಗ ಹೇಳು."

ನಾನು ಕನ್ನಡಕ ಹುಡುಕೋ ಹೊತ್ತಿಗೆ ಇವಳು ಮೆಸೇಜನ್ನ ಕುಟ್ಟೋಕೆ ಶುರು ಮಾಡಿದ್ದಳು, ಬಾಯಲ್ಲಿ ಹೇಳಿಕೊಂಡು. "ನಿಮ್ಮ... ಸ, ಎಫ್, ವ... ಸ್ವತ್ತಿನ. ಹ, ಕ, ಎಫ್, ಕ... ಹಕ್ಕು ಬದಲಾವಣೆಗೆ ಒಪ್ಪಿಗೆ... ಅಜ್ಜೀ, ಸ್ವತ್ತು ಅಂದ್ರೆ ಗ್ಯಾಸಾ?"

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

"ಅಮ್ಮ, ಮಗು ಏನೋ ಅನ್ನುತ್ತೆ. ನೀನು ನಂಬರ್ ಹೇಳು, ಟೈಮ್ ಮುಗಿದೋಗುತ್ತೆ."

"ಹೇಳ್ತೀನಿ ಇರೋ" ಅಂದೆ. ಹೇಳಿದೆ. ಮೊದಲನೇ ಅಂಕಿ ಕೊನೆಗೆ, ಕೊನೇದು ಮೊದಲಿಗೆ.

"ತಪ್ಪು ಅಂತಿದೆ ಅಮ್ಮ. ಇನ್ನೊಂದು ಕಳಿಸ್ತಾರೆ ನೋಡು." ಇನ್ನೊಂದು ಬಂತು. ಅದನ್ನೂ ಮನಸ್ಸಿಗೆ ಬಂದ ಹಾಗೆ ಹೇಳಿದೆ. "ಸರಿಯಾಗಿ ನೋಡಮ್ಮ!" ಅಂತ ಕಿರುಚಿದ. "ಕಣ್ಣು ಕಾಣ್ಸಕ್ಕಿಲ್ಲ ಕಣೋ, ವಯಸ್ಸಾಯ್ತಲ್ಲ" ಅಂದೆ. ಮೂರನೇ ಸಲಕ್ಕೆ ಅವನ ಕಡೆಯ ಮಿಷೀನೇ ಬೇಸತ್ತು ಬಾಗಿಲು ಹಾಕಿಕೊಂಡಿತು. ಹಿತಾ ಬಿಟ್ಟ ಬಾಯಿ ಮುಚ್ಚಿರಲಿಲ್ಲ. "ಅಜ್ಜಿ, ನೀನು ಹೇಳಿದ್ದು ಒಂದೂ ಸರಿಯಿಲ್ಲ" ಅಂದಳು. "ಸರಿಯಿಲ್ಲದ್ದು ನಾನೊಬ್ಬಳೇ ಹೇಳಿದ್ನೇನೇ?" ಅಂದೆ.

ಸಂಜೆ ಬಂದವನು ಶೂಸ್ ಬಿಚ್ಚೋದಕ್ಕೂ ಮೊದಲೇ ಶುರು ಮಾಡಿದ.

"ಬೇಕಂತಲೇ ತಪ್ಪು ಹೇಳಿದೆ ಅಲ್ವಾ? ನಿನ್ನ ಒಳ್ಳೇದಕ್ಕೇ ಮಾಡ್ತಿದ್ದೆ ನಾನು!"

"ಒಳ್ಳೇದಕ್ಕೆ ಗ್ಯಾಸ್ ಅಂತ ಯಾಕೋ ಹೆಸರಿಟ್ಟೆ?"

"ಹೆತ್ತ ಮಗನಿಗೆ ಒಂದು ನಂಬರ್ ಹೇಳೋಕೆ ಏನಮ್ಮ ನಿಂಗೆ?"

ಉತ್ತರ ಹಿತಾ ಕೊಟ್ಟಳು. "ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಬರೆದಿದೆ ಅಪ್ಪಾ. ಯಾರಿಗೂ ಅಂದ್ರೆ ಮನೆಯವರಿಗೂ ಅಂತ ಮಿಸ್ ಹೇಳಿದ್ದಾರೆ."

"ಏನ್ ಕಲಿಸ್ತಾರೆ ಆ ಸ್ಕೂಲಲ್ಲಿ! ಇದಕ್ಕಾ ನಾನು ಫೀಸ್ ಕಟ್ಟೋದು?" ಅಂದ. ಲ್ಯಾಪ್‌ಟಾಪ್ ತಂದುಕೊಟ್ಟಿದ್ದೂ ಅವನೇ ಅನ್ನೋದನ್ನ ನಾನು ನೆನಪಿಸಲಿಲ್ಲ. ಊಟದ ಹೊತ್ತು, ಮುದ್ದೆ ಆರುತ್ತೆ.

ಹಕ್ಕು ಬದಲಾವಣೆಯ ಅರ್ಜಿ ಅಲ್ಲೇ ನಿಂತಿದೆ, ರೂಮುಗಳೂ ನಿಂತಿವೆ. ದೇವಮ್ಮನ ಸೀಮೆಎಣ್ಣೆ ನೀಲಿಯ ಸೀರೆ ಎಂದಿನ ಹಾಗೆ ನನ್ನ ಹಗ್ಗದ ಮೇಲೇ ಒಣಗುತ್ತೆ. ಗೆದ್ದೆ ಅಂತ ನೀವು ಅಂದುಕೊಂಡರೆ ಕೇಳಿ, ಈಗ ಗ್ಯಾಸಿನ ನಂಬರ್ ಕೂಡ ಅವನ ಫೋನಿಗೇ ಹೋಗೋ ಹಾಗೆ ಮಾಡಿಕೊಂಡಿದ್ದಾನೆ. ನನ್ನ ಫೋನ್ ಕುಂಯ್ ಅನ್ನೋದಿಲ್ಲ, ಹಿಂದೆಯೇ ಕರೆಯೂ ಬರೋದಿಲ್ಲ. ಆಗಾಗ ಫೋನಿನಲ್ಲಿ ಅಮ್ಮ ಅಂತ ಕರೀತಿದ್ದವನು ನಂಬರಿಗೆ ಕರೀತಿದ್ದ ಅಂತ ನಂಬರ್ ನಿಂತ ಮೇಲೆ ಗೊತ್ತಾಯಿತು.

ಹಿತಾ ಐದು ವಾಕ್ಯ ಟೈಪ್ ಮಾಡಿದಳು. "ನಮ್ಮ ಅಜ್ಜಿಯ ಬಳಿ ಫೋನ್ ಇದೆ. ಅದಕ್ಕೆ ನಂಬರ್ ಬರುತ್ತದೆ. ಅಜ್ಜಿ ಅದನ್ನು ಅಪ್ಪನಿಗೆ ಹೇಳುತ್ತಿದ್ದರು. ಈಗ ಸುಳ್ಳು ನಂಬರ್ ಹೇಳುತ್ತಾರೆ. ಅಪ್ಪ ಊಟಕ್ಕೆ ಕೂತಾಗ ಮಾತಾಡುವುದಿಲ್ಲ." ಒಂದು ಒತ್ತೂ ತಪ್ಪಿರಲಿಲ್ಲ. ಪೇರೆಂಟ್ಸ್ ಮೀಟಿಂಗಿಗೆ ಹೋದವಳು ನಾನು, ಇನ್ಯಾರು? ಮಿಸ್ ಪಾಪ ಚಿಕ್ಕ ಹುಡುಗಿ, "ಟೈಪಿಂಗ್ ಸೂಪರ್ ಅಜ್ಜಿ, ಆದ್ರೆ ವಿಷಯ ಸ್ವಲ್ಪ ನೆಗೆಟಿವ್ ಆಯ್ತು" ಅಂದರು. ಕೊನೇ ಎರಡು ವಾಕ್ಯ ಹೊಡೆದು, "ನಮ್ಮ ಅಜ್ಜಿ ಫೋನಿನಲ್ಲಿ ಬಂಧುಗಳೊಡನೆ ಸಂತೋಷದಿಂದ ಮಾತನಾಡುತ್ತಾರೆ" ಅಂತ ಬರೆಸಿ ಗೋಡೆಗೆ ಅಂಟಿಸಿದ್ದರು. ಗೋಡೆ ಮುಂದೆ ನಿಂತು ಓದಿದೆ. ಎಲ್ಲ ಒತ್ತೂ ಓದಿದೆ.

ಮನೆಗೆ ಬಂದು ಆ ಮೆಸೇಜನ್ನ ಇನ್ನೊಂದು ಸಲ ತೆಗೆದು ನೋಡಿದೆ. ಸ್ವತ್ತು, ಹಕ್ಕು, ಒಪ್ಪಿಗೆ, ಎಲ್ಲಕ್ಕೂ ಒತ್ತು. ಅವನ್ನ ಓದಲಿಲ್ಲ ಅಂದರೆ ನನ್ನದು ತಪ್ಪಲ್ಲ, ತೊಟ್ಟಿಲಿನದು. ಆದರೆ ಕೊನೆಯಲ್ಲಿ "ಯಾರಿಗೂ ಹೇಳಬೇಡಿ" ಅಂತಿತ್ತಲ್ಲ, ಹುಡುಕಿದೆ, ಅದರಲ್ಲಿ ಒಂದೇ ಒಂದು ಒತ್ತಿಲ್ಲ. ನಂಬರ್ ಬಂದಾಗಲೆಲ್ಲ ಅದನ್ನ ಸಲೀಸಾಗಿ ಓದಿಕೊಂಡೇ ಹೇಳಿದ್ದೀನಿ. ಮಗ ಅನ್ನೋದಕ್ಕೂ ಒತ್ತಿಲ್ಲ. ಅದನ್ನಂತೂ ಸರಿಯಾಗಿ ಓದಿಕೊಂಡಿದ್ದೀನಿ ಅಂತಲೇ ತಿಳಿದಿದ್ದೆ.